ಅಪ್ಪೆಮಿಡಿ, ಎಕ್ಸ್‌ರೇ ಮತ್ತು ಉಲ್ಲಾಸನ ಬಾಯಿ

ಉತ್ತರ ಕನ್ನಡದವರು ವಿಮಾನ ಹತ್ತಬೇಕೆಂದರೆ ಮೊದಲು ಜಿಲ್ಲೆ ದಾಟಬೇಕು. ಅಂಕೋಲೆಯ ಅಲಗೇರಿಯಲ್ಲಿ ನಿಲ್ದಾಣ ಬರುತ್ತದೆ, ಬರುತ್ತದೆ ಎಂದು ಕೇಳುತ್ತಲೇ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಶಿರಸಿಯವನಾದ ನನಗೆ ಹುಬ್ಬಳ್ಳಿಯೇ ಹತ್ತಿರ. ಆದರೆ ಕಾರವಾರದ ಉಲ್ಲಾಸ ಬಿಡಲಿಲ್ಲ. "ಹುಬ್ಬಳ್ಳಿಗೆ ಹೋಗಿ ಎಂತ ಮಾಡ್ತೆ ಮಾರಾಯಾ, ಹಿಂದಿನ ದಿನ ನಮ್ಮನೆಗೆ ಬಾ, ಬೆಳಿಗ್ಗೆ ನನ್ನ ಕಾರಲ್ಲೇ ಗೋವಾಕ್ಕೆ ಹೋಗುವ" ಎಂದ. ಹಾಸ್ಟೆಲಿನಲ್ಲಿ ನಮ್ಮ ಜೊತೆಗಿದ್ದ ಮೂರನೆಯವನೊಬ್ಬ ದೆಹಲಿಯಲ್ಲಿ ಮನೆ ಕೊಂಡಿದ್ದ. ಗೃಹಪ್ರವೇಶಕ್ಕೆ ಉಡುಗೊರೆ ಎಂತ ಬೇಕೋ ಎಂದು ಕೇಳಿದರೆ ಒಂದೇ ಉತ್ತರ: ಅಪ್ಪೆಮಿಡಿ ಉಪ್ಪಿನಕಾಯಿ.

ದೇವಿಮನೆ ಘಾಟಿ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿದೆ. ಶಿರೂರು ಬಂದಾಗ ಬಸ್ಸಿನ ಮಾತೆಲ್ಲ ತಾನಾಗಿ ನಿಂತಿತು. 2024ರ ಜುಲೈ 16ರಂದು ಕುಸಿದ ಗುಡ್ಡದ ಕೆಂಪು ಮೈ, ಈ ಕಡೆ ಗಂಗಾವಳಿ. ಅಂಕೋಲೆ ಬರುವವರೆಗೂ ಯಾರೂ ಹೆಚ್ಚು ಮಾತಾಡಲಿಲ್ಲ.

ಸಂಜೆ ಉಲ್ಲಾಸ ನನ್ನನ್ನು ಕಾರವಾರದ ಮೀನು ಮಾರುಕಟ್ಟೆಗೆ ಕರೆದೊಯ್ದ. ನಾನು ಮೀನು ತಿನ್ನುವುದಿಲ್ಲ, ಆದರೆ ಅಲ್ಲಿಯ ಮಾತು ಕೇಳುವುದು ನನಗಿಷ್ಟ. ಬುಟ್ಟಿ ಮುಂದಿಟ್ಟುಕೊಂಡು ಕೂತ ಅಕ್ಕನೊಬ್ಬಳ ಎದುರು ಇವ ಕುಕ್ಕರಗಾಲಲ್ಲಿ ಕೂತು ಕೊಂಕಣಿಯಲ್ಲಿ ಶುರು ಮಾಡಿದ: "ಅಕ್ಕಾ, ನಾನು ಬಂದದ್ದು ಬಂಗಡೆ ನೋಡಿ ಅಲ್ಲ, ನಿನ್ನ ಮುಖ ನೋಡಿ." ಆಕೆ ಕತ್ತಿಯ ಮೇಲಿನ ಪೊರೆ ಒರೆಸುತ್ತ, ತಲೆ ಎತ್ತದೆ ಹೇಳಿದಳು: "ಹಾಗಾದ್ರೆ ಮುಖದ ದುಡ್ಡು ಕೊಟ್ಟು ಹೋಗು. ಬಂಗಡೆ ಕಣ್ಣಿದ್ದವರಿಗೆ ಮಾರ್ತೇನೆ." ಸುತ್ತಲಿನ ನಾಲ್ಕೈದು ಹೆಂಗಸರು ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವ ಉಲ್ಲಾಸ. ಕೊನೆಗೆ ಹೇಳಿದ ರೇಟೇ ಕೊಟ್ಟ, ಆಕೆ ಒಂದು ಮೀನು ಹೆಚ್ಚಿಗೆ ಹಾಕಿದಳು. ಇಪ್ಪತ್ತೈದು ವರ್ಷದಿಂದ ನಾನು ನೋಡಿದ ಉಲ್ಲಾಸ ಇವನೇ. ಬಸ್ಸಿನ ಕಂಡಕ್ಟರ್, ಬ್ಯಾಂಕಿನ ಕೌಂಟರ್, ಆಸ್ಪತ್ರೆಯ ನರ್ಸು, ಎಲ್ಲರ ಹತ್ತಿರವೂ ಇವನಿಗೆ ಒಂದು ಮಾತು ಹೆಚ್ಚಿಗೇ ಬೇಕು.

ಬೆಳಿಗ್ಗೆ ಹೊರಟೆವು. ಕಾಳಿ ಹೊಳೆಗೆ ಈಗ ಹೊಸ ಸೇತುವೆಯೊಂದೇ ಗತಿ, ಹೋಗುವವರಿಗೂ ಬರುವವರಿಗೂ. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಮುರಿದು ಬಿತ್ತು. ಮೇಲಿದ್ದ ಲಾರಿ ಹೊಳೆಗೆ ಬಿದ್ದರೂ ಚಾಲಕನನ್ನು ಜೀವಂತ ಎತ್ತಿದರು. ಸದಾಶಿವಗಡ, ಮಾಜಾಳಿ, ಪೋಳೆಂ, ಕಾಣಕೋಣ, ಕರ್ಮಲ್ ಘಾಟಿಯ ತಿರುವುಗಳು. ಮಡಗಾಂವಿನಲ್ಲಿ ಪಾವ್ ಭಾಜಿ. ಗೋವಾಕ್ಕೆ ಈಗ ಎರಡು ನಿಲ್ದಾಣ. ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯಲ್ಲೇ ಇರುವ ದಾಬೋಳಿ ಹಳೆಯದು, ಮೋಪಾ ಹೊಸದು. ನಾವು ಹೋದದ್ದು ಯಾವುದಕ್ಕೆ ಎಂದು ಬರೆಯುವುದಿಲ್ಲ. ಉಲ್ಲಾಸನ ಮಾನ ಸ್ವಲ್ಪವಾದರೂ ಉಳಿಯಲಿ.

ತಪ್ಪು ಶುರುವಾದದ್ದು ನನ್ನಿಂದಲೇ. ಗಾಜಿನ ಬಾಟಲಿ, ಒಡೆದೀತು ಎಂದು ಉಪ್ಪಿನಕಾಯಿಯನ್ನು ದೊಡ್ಡ ಬ್ಯಾಗಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಅತ್ತಿಗೆ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ, ಅದರ ಮೇಲೆ ಬಾಳೆನಾರು ಸುತ್ತಿ, ಅದಕ್ಕೂ ಮೇಲೆ ಟೇಪ್ ಹಚ್ಚಿ ಕೊಟ್ಟಿದ್ದಳು. ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿ, ತಿನ್ನುವ ವಸ್ತು, ಬಟ್ಟೆ, ಕಾಗದ ಎಲ್ಲ ಕಿತ್ತಳೆ. ಸ್ಫೋಟಕವೂ ಬಹಳ ಮಟ್ಟಿಗೆ ಕಿತ್ತಳೆಯೇ. ಕೂತು ನೋಡುವವರಿಗೆ ನನ್ನ ಚೀಲ ಹೇಗೆ ಕಂಡಿರಬಹುದು ಎಂದು ಆಮೇಲೆ ಯೋಚಿಸಿದೆ: ದಪ್ಪ ಗಾಜಿನೊಳಗೆ ಒತ್ತೊತ್ತಾಗಿ ತುಂಬಿದ ಸಣ್ಣ ಸಣ್ಣ ಗುಂಡುಗಳು, ಬಾಯಿಗೆ ಸುತ್ತಿದ ದಾರ.

ಬೆಲ್ಟು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು. ಚೀಲ ಪಕ್ಕದ ಸಾಲಿಗೆ ಸರಿಯಿತು.

"ಯೇ ಕಿಸಕಾ ಹೈ?"

ಖಾಕಿ ತೊಟ್ಟ ಹೆಣ್ಣುಮಗಳು, ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು. ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ನಾನು ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ: ಮಾವಿನ ಮಿಡಿ, ಹೊಳೆಯಂಚಿನ ಮರದ್ದು, ಉಪ್ಪಿನಲ್ಲಿ ವಾರಗಟ್ಟಲೆ ಹಾಕಿ ಚಿರುಟಿದ ಮೇಲೆ ಸಾಸಿವೆ ಮೆಣಸು ಕೂಡಿಸಿದ್ದು. ಅವರು ಸಮಾಧಾನದಿಂದ ಕೇಳಿ, ಮೆಣಸಿನ ಉಪ್ಪಿನಕಾಯಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ವಾಪಸು ಹೋಗಿ ಚೆಕ್‌-ಇನ್‌ಗೆ ಹಾಕಿ, ಇನ್ನೂ ಸಮಯ ಇದೆ ಎಂದರು. ಅಲ್ಲಿಗೆ ಮುಗಿಯಬೇಕಿತ್ತು.

ಉಲ್ಲಾಸ ಆಗಲೇ ಆಚೆ ದಾಟಿ ಬೆಲ್ಟ್ ಕಟ್ಟಿಕೊಳ್ಳುತ್ತಿದ್ದವ ತಿರುಗಿ ಬಂದ.

"ಮೇಡಂ, ಏಕ್ ಬಾರ್ ಚಖೋ, ಶಿರಸಿ ಭೂಲ್ ನಹೀ ಪಾವೋಗೆ."

ಅವರು ತಲೆ ಎತ್ತಲಿಲ್ಲ. ಇವ ಎದೆಯ ಮೇಲಿನ ಹೆಸರುಪಟ್ಟಿ ಓದಿದ. ಓದುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಹೆಸರು ಹಿಡಿದು ಕರೆದು, ಇಷ್ಟು ಚೆಂದದ ಹೆಸರಿಗೆ ಈ ಸಿಟ್ಟಿನ ಮುಖ ಒಪ್ಪುವುದಿಲ್ಲ, ಸ್ವಲ್ಪ ನಗಬೇಕು ಎಂದ. ನಾನು ನಕ್ಕೆ. ಇದನ್ನು ಬರೆಯದಿದ್ದರೆ ಈ ಕಥನ ಸುಳ್ಳಾಗುತ್ತದೆ. ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದೂ ಕೇಳಿದ.

"ಆಪ್ ಪೀಛೇ ಹಟಿಯೇ. ಬ್ಯಾಗ್ ಆಪ್‌ಕಾ ನಹೀ ಹೈ."

"ಬ್ಯಾಗ್ ಮೇ ಕುಛ್ ನಹೀ ಮೇಡಂ," ಎಂದು ಎದೆ ತಟ್ಟಿಕೊಂಡ, "ಬಾಂಬ್ ತೋ ಇಧರ್ ಹೈ."

ಅವರು ಕೂಗಲಿಲ್ಲ. ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು, ಎಡಗೈ ಒಂದಿಷ್ಟು ಎತ್ತಿದರು. ಎಲ್ಲಿದ್ದರೋ ಇಬ್ಬರು ಗಂಡಸರು ಬಂದು ಉಲ್ಲಾಸನ ಎರಡೂ ಬದಿ ನಿಂತರು. ಹಿಂದಿನ ಸಾಲಿನವರು ತಾವಾಗಿಯೇ ಎರಡು ಹೆಜ್ಜೆ ಸರಿದರು. ಒಬ್ಬ ತಾಯಿ ಮಗುವನ್ನು ಎತ್ತಿಕೊಂಡದ್ದು ನೆನಪಿದೆ.

ಮುಂದಿನದು ಕಾಯುವ ಕೆಲಸ. ಇಬ್ಬರನ್ನೂ ಒಂದು ಸಣ್ಣ ಕೋಣೆಗೆ ಒಯ್ದು ಬೂಟು, ಬೆಲ್ಟು, ಪರ್ಸು ಎಲ್ಲ ಮತ್ತೆ ನೋಡಿದರು. ವಿಮಾನ ಕಂಪನಿಯ ಹುಡುಗ ಪಟ್ಟಿ ಹಿಡಿದು ಬಂದು, ನಿಮ್ಮಿಬ್ಬರ ಹೆಸರು ತೆಗೆದಿದ್ದೇವೆ ಎಂದ. ವಿಮಾನದ ಹೊಟ್ಟೆಗೆ ಸೇರಿದ್ದ ನಮ್ಮ ದೊಡ್ಡ ಬ್ಯಾಗುಗಳನ್ನೂ ಹುಡುಕಿ ಇಳಿಸಬೇಕಂತೆ, ಆಮೇಲೇ ವಿಮಾನ ಹೊರಡುವುದು. ಅಷ್ಟೆಲ್ಲ ಎಂತಕ್ಕೆ ಎಂದು ಉಲ್ಲಾಸ ಗೊಣಗಿದ. ನನಗೆ ಕನಿಷ್ಕ ನೆನಪಾಯಿತು. 1985ರಲ್ಲಿ ಏರ್ ಇಂಡಿಯಾದ ಆ ವಿಮಾನಕ್ಕೆ ಪ್ರಯಾಣಿಕ ಹತ್ತಲಿಲ್ಲ, ಬಾಂಬಿದ್ದ ಅವನ ಸೂಟ್‌ಕೇಸ್ ಮಾತ್ರ ಹತ್ತಿತು. 329 ಜನ ಸತ್ತರು. ನಮ್ಮ ಬ್ಯಾಗಿನಲ್ಲಿದ್ದದ್ದು ತೊಡದೇವು ಮತ್ತು ಎರಡು ಪಂಚೆ. ಅದು ನಮಗೆ ಗೊತ್ತಿತ್ತು, ಅವರಿಗೆ ಹೇಗೆ ಗೊತ್ತಾಗಬೇಕು?

ಬೆಂಚಿನ ಮೇಲೆ ಕೂತು ಮೊಬೈಲ್ ತೆರೆದೆ. ಓದಬಾರದಿತ್ತು. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು: ಲೈಂಗಿಕ ಧಾಟಿಯ ಮಾತಿಗೆ ಒಂದು ವರ್ಷದವರೆಗೆ ಜೈಲು. 79: ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ ಮೂರು ವರ್ಷದವರೆಗೆ. 2017ರಿಂದ ಇರುವ ವಿಮಾನಯಾನ ನಿಷೇಧ ಪಟ್ಟಿಯಲ್ಲಿ ಬರೀ ಬಾಯಿಯ ಅನುಚಿತ ವರ್ತನೆಗೇ ಮೂರು ತಿಂಗಳವರೆಗೆ ವಿಮಾನ ಬಂದ್. ಓದಿ ಹೇಳಿದೆ. ಉಲ್ಲಾಸ ನೀರು ಕೇಳಿದ.

ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ನಿಲ್ದಾಣ ಕಾಯುವ ಈ ಕೆಲಸಕ್ಕೆ ಬಂದದ್ದೇ ದೇಶ ಒಂದು ಪೆಟ್ಟು ತಿಂದ ಮೇಲೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನ ಅಪಹರಣವಾಗಿ ಕಂದಹಾರಕ್ಕೆ ಹೋಯಿತಲ್ಲ, ಆಮೇಲೆ 2000ದಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಿಲ್ದಾಣ ಇವರ ಕೈಗೆ ಬಂತು. 2019ರಲ್ಲಿ ಒಂದು ಸುದ್ದಿ ಓದಿ ನಾನೂ ಉಲ್ಲಾಸನೂ ಬಿದ್ದು ಬಿದ್ದು ನಕ್ಕಿದ್ದೆವು: ನಿಲ್ದಾಣದ ಸಿಬ್ಬಂದಿ ಇನ್ನು ಮೇಲೆ ಅಗಲವಾಗಿ ನಗಬಾರದು, ಸಾಕಷ್ಟೇ ನಗಬೇಕು ಎಂದು ಸಿಐಎಸ್‌ಎಫ್ ತೀರ್ಮಾನಿಸಿತ್ತು. ಆ ಕೋಣೆಯಲ್ಲಿ ಕೂತಾಗ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಮೀನು ಮಾರುಕಟ್ಟೆಯ ಅಕ್ಕನ ಕೈಯಲ್ಲಿ ಕತ್ತಿ ಇತ್ತು, ಬಾಯಿ ಇತ್ತು, ಸುತ್ತ ನಾಲ್ಕು ಹೆಂಗಸರಿದ್ದರು, ಬೇಡವಾದರೆ ಎದ್ದು ಹೋಗು ಎನ್ನಲು ಬುಟ್ಟಿ ಅವಳದ್ದೇ. ಈ ಹುಡುಗಿ ಹಾಗೆ ತಿರುಗಿಸಿ ಹೇಳಿದ್ದರೆ ಅವರ ಮೇಲೇ ದೂರು ಹೋಗುತ್ತಿತ್ತು. ಅವರಿಗಿದ್ದ ಉತ್ತರ ಆ ಎಡಗೈ ಒಂದೇ.

ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಬೈಯುತ್ತಾರೆ ಎಂದುಕೊಂಡರೆ ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟರು. ಏನು ಹೇಳಿದಿರೋ ಅದನ್ನೇ ಬರೆಯಿರಿ, ಒಂದು ಶಬ್ದವೂ ಬಿಡಬೇಡಿ.

ಉಲ್ಲಾಸನಿಗೆ ಹಿಂದಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. "ನೀ ಬರಿ" ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದ. ಬರೆದುಕೊಡಬಹುದು, ಸಹಿ ಅವರದ್ದೇ ಆಗಬೇಕು ಎಂದರು ಅಧಿಕಾರಿ. ಬರೆಯತೊಡಗಿದೆ. ಮೊದಲ ಸಾಲು ಸುಲಭ, ಉಪ್ಪಿನಕಾಯಿಯದ್ದು. ಎರಡನೆಯ ಸಾಲಿಗೆ ಬಂದಾಗ "ನಗಬೇಕು ಅಂದ್ಯಾ, ನಗು ಅಂದ್ಯಾ?" ಎಂದು ಕೇಳಿದೆ. ಉಲ್ಲಾಸ ನೆಲ ನೋಡುತ್ತ "ನಗು" ಎಂದ. "ಹೆಸರು ಹಿಡಿದು?" "ಹ್ಞೂಂ." ಡ್ಯೂಟಿಯ ಪ್ರಶ್ನೆಯನ್ನು ಬರೆಯುವಾಗ ಅವನ ಕಿವಿ ಕೆಂಪಾಗಿತ್ತು. ಗಾಳಿಗೆ ಬಿಟ್ಟ ಮಾತು ಹಾಳೆಯ ಮೇಲೆ ಇಳಿದಾಗ ಎಷ್ಟು ಕೊಳಕಾಗಿ ಕಾಣುತ್ತದೆ! ಕೊನೆಯಲ್ಲಿ ಅಧಿಕಾರಿ ನನ್ನ ಕಡೆ ತಿರುಗಿ, "ಔರ್ ಆಪ್ ಕ್ಯಾ ಕರ್ ರಹೇ ಥೇ?" ಎಂದರು. ನನ್ನ ಹೆಸರಿನ ಮುಂದೆ ನಾನೇ ಬರೆದೆ: ನಗುತ್ತಿದ್ದೆ.

ಆಮೇಲೆ ಸ್ಥಳೀಯ ಪೊಲೀಸರು, ಅದೇ ಪ್ರಶ್ನೆಗಳು, ಅದೇ ಉತ್ತರ, ಕ್ಷಮಾಪಣೆಯ ಇನ್ನೊಂದು ಹಾಳೆ. ಎಫ್‌ಐಆರ್ ಆಗಲಿಲ್ಲ. ಯಾಕೆ ಎಂದು ನಮಗೆ ಯಾರೂ ಹೇಳಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಹೊರಗೆ ಬಂದಾಗ ಸಂಜೆ. ಟಿಕೆಟ್ಟಿನ ದುಡ್ಡು ಮುಳುಗಿತ್ತು. ದೆಹಲಿಯವನಿಗೆ ಫೋನ್ ಮಾಡಿ ಜ್ವರ ಎಂದೆ.

ಪಾರ್ಕಿಂಗ್ ಕಡೆ ಹೋಗುವಾಗ ಎದುರಿಗೆ ಅದೇ ಹೆಣ್ಣುಮಗಳು, ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಡ್ಯೂಟಿ ಮುಗಿದಿತ್ತು. ಉಲ್ಲಾಸ ಕಂಬದ ಆಚೆ ಸರಿದ. ಅವರು ಅವನ ಕಡೆ ನೋಡಲೇ ಇಲ್ಲ. ನನ್ನ ಕೈಯ ಬಾಟಲಿ ನೋಡಿ, ಮುಂದಿನ ಸಲ ಚೆಕ್‌-ಇನ್‌ನಲ್ಲೇ ಹಾಕಿ ಎಂದು ಹೇಳಿ ನಡೆದರು.

ವಾಪಸು ಬರುವಾಗ ನಾನೇ ಕಾರು ಓಡಿಸಿದೆ. ಕರ್ಮಲ್ ಘಾಟಿಯಲ್ಲಿ ಮಳೆ ಹಿಡಿಯಿತು. ಮನೆಯಿಂದ ಫೋನ್ ಬಂದಾಗ ಉಲ್ಲಾಸ "ವಿಮಾನ ಕ್ಯಾನ್ಸಲ್" ಎಂದು ಇಟ್ಟುಬಿಟ್ಟ. ಅಷ್ಟು ಚಿಕ್ಕ ವಾಕ್ಯವನ್ನು ಅವನ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಹಾಕಿದರು. ಗೋವಾದಿಂದ ಬರುವ ಗಾಡಿ ಎಂದರೆ ಬಾಟಲಿ ಹುಡುಕುವುದು ಇದ್ದದ್ದೇ. ಅಬಕಾರಿಯವ ಡಿಕ್ಕಿ ತೆರೆದು ನೋಡಿ, ಹಿಂದಿನ ಸೀಟಿಗೆ ಟಾರ್ಚ್ ಬಿಟ್ಟ. ಬೆಳಕು ನೇರ ಅಪ್ಪೆಮಿಡಿಯ ಮೇಲೆ ಬಿತ್ತು.

"ಇದು ಎಂತ ಬಾಟ್ಲಿ?"

"ಉಪ್ಪಿನಕಾಯಿ" ಎಂದೆ.

ಆತ ಎತ್ತಿ, ತಿರುಗಿಸಿ, ಮೂಗಿನ ಹತ್ತಿರ ಹಿಡಿದ. "ಹೋ, ಅಪ್ಪೆಮಿಡಿ! ಶಿರಸಿ ಬದಿಯವ್ರಾ? ಗೋವಾಕ್ಕೆ ಹೋದವ್ರು ಎಂತೆಂತದೋ ತರ್ತ್ರು, ನೀವು ಇದನ್ನ ತಂದ್ರಲ್ರೀ!" ಎಂದು ನಕ್ಕು, ನನ್ನ ಪಕ್ಕದಲ್ಲಿದ್ದವನ ಕಡೆ ಬಗ್ಗಿ ನೋಡಿದ, ಏನಾದರೂ ಹೇಳುತ್ತಾನೆ ಎಂಬಂತೆ.

ಉಲ್ಲಾಸ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಓಡುತ್ತಿದ್ದ ವೈಪರನ್ನೇ ನೋಡುತ್ತ ಕೂತಿದ್ದ.