ಜೋಪಾನ ಮಾಡಿಯೇ ಕೆಟ್ಟ ಕ್ಯಾಮೆರಾ

ನಮ್ಮ ಕಡೆ ಹಳೆಯ ಕ್ಯಾಮೆರಾಗಳು ಬಳಸಿ ಹಾಳಾಗುವುದಕ್ಕಿಂತ ಜೋಪಾನವಾಗಿಟ್ಟು ಹಾಳಾಗುವುದೇ ಹೆಚ್ಚು. ಹಾಸನದ ಕಾಲೇಜೊಂದರ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿರುವ ನನಗೆ ಮಸೂರಗಳ ವಿಷಯದಲ್ಲಿ ಇದು ಮೊದಲೇ ಗೊತ್ತಿತ್ತು. ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಸ್ಪೆಕ್ಟ್ರೋಮೀಟರ್‌ಗೆ ಆಷಾಢ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ದಿನವೂ ವಿದ್ಯಾರ್ಥಿಗಳ ಕೈಗೆ ಸಿಕ್ಕಿ ಬಣ್ಣ ಸವೆದ ಸ್ಪೆಕ್ಟ್ರೋಮೀಟರ್‌ನ ಗಾಜು ನಿಚ್ಚಳವಾಗಿರುತ್ತದೆ. ಈ ವರ್ಷ ಗುಜರಿ ಅಂಗಡಿಯಲ್ಲಿ ಸಿಕ್ಕ ಒಂದು ಅಗ್ಫಾ ಕ್ಯಾಮೆರಾ ಅದೇ ಪಾಠವನ್ನು ಬಿಡಿಭಾಗ ಬಿಡಿಭಾಗವಾಗಿ ತೋರಿಸಿತು.

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯೊಂದನ್ನು ಖಾಲಿ ಮಾಡಿದಾಗ ಬಂದ ಸಾಮಾನು ಅದು. ಹಿತ್ತಾಳೆ ಕೊಳಗ, ಪಿಂಗಾಣಿ ತಟ್ಟೆ, ಕೆಟ್ಟುಹೋದ ವಾಯುಭಾರಮಾಪಕದ ನಡುವೆ ಕಂದು ಚರ್ಮದ ಚೀಲವೊಂದಿತ್ತು. ಅಂಗಡಿಯವರು ಅದನ್ನು 'ಕ್ಲಿಕ್ ತ್ರೀ' ಎಂದರು. ಹಾಗೆ ಅನ್ನುವುದು ಸಹಜ. ಒಂದು ಕಾಲಕ್ಕೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಅಗ್ಫಾ ಎಂದರೆ ವಡೋದರದಲ್ಲಿ ತಯಾರಾಗುತ್ತಿದ್ದ ಕ್ಲಿಕ್ 3 ಕ್ಯಾಮೆರಾವೇ ಆಗಿತ್ತು. ಆದರೆ ಕ್ಲಿಕ್ 3 ಮಡಚುವ ಕ್ಯಾಮೆರಾ ಅಲ್ಲ, ಅದರಲ್ಲಿ ಫೋಕಸ್ ತಿರುಗಿಸುವ ಉಂಗುರವೂ ಇಲ್ಲ. ಚೀಲದೊಳಗಿದ್ದದ್ದು ಲೋಹದ ಮೈಯದು. ಮೇಲಿನ ಗುಂಡಿ ಒತ್ತಿದೆ. ಮುಂಬಾಗಿಲು ಟಪ್ಪೆಂದು ಬಿದ್ದು, ಹಾರ್ಮೋನಿಯಂನ ಹಿಂಬದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ತಿದಿ ಬಿಚ್ಚಿಕೊಂಡು, ಲೆನ್ಸ್ ಮುಂದೆ ಬಂದು ನಿಂತಿತು. ಆರುನೂರು ರೂಪಾಯಿ ಕೊಟ್ಟು ತಂದೆ.

ಕ್ಯಾಮೆರಾ ಯಾವುದೆಂದು ಗುರುತಿಸದೆ ಅದರ ಒಂದು ತಿರುಪನ್ನೂ ಬಿಚ್ಚಬಾರದೆನ್ನುವುದು ನನ್ನ ಹಟ. ಮುಂಭಾಗದ ಚರ್ಮದ ಮೇಲಿದ್ದ ಅಚ್ಚು ತೇವಕ್ಕೆ ಉಬ್ಬಿ ಅಳಿಸಿಹೋಗಿತ್ತು. ಹಾಗಾಗಿ ಲೆನ್ಸಿನ ಸುತ್ತಲಿನ ಬರಹದಿಂದ ಶುರು ಮಾಡಿದೆ. 'ಅಗ್ಫಾ ಅಪೊಟಾರ್ 1:4,5/85' ಎಂದಿತ್ತು. ನಾಲ್ಕೂವರೆ ಎಂದರೆ ಬೆಳಕು ಬರುವ ಕಿಂಡಿ ಎಷ್ಟು ಅಗಲ ತೆರೆಯಬಲ್ಲದು ಎನ್ನುವ ಅಂಕಿ, ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಅದನ್ನು ಚುಕ್ಕಿಯ ಬದಲು ಅಲ್ಪವಿರಾಮ ಹಾಕಿ ಬರೆಯುವುದು ಜರ್ಮನರ ರೂಢಿ. 85 ಎಂದರೆ ಮಿಲಿಮೀಟರ್‌ಗಳಲ್ಲಿ ಸಂಗಮದೂರ. ಅಪೊಟಾರ್ ಮೂರು ಗಾಜುಗಳ ಲೆನ್ಸ್. ಅದೇ ಕಂಪನಿಯ ಸೊಲಿನಾರ್‌ನಲ್ಲಿ ನಾಲ್ಕು ಗಾಜುಗಳಿವೆ, ಅದು ದುಬಾರಿ ಮಾದರಿಗಳಿಗೆ ಹೋಗುತ್ತಿತ್ತು. ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಸುನೀಲಿ ಹೊಳಪು ಕಾಣುತ್ತದೆ, ಅದು ಪ್ರತಿಫಲನ ತಡೆಯುವ ಲೇಪ. ಯುದ್ಧಾನಂತರದ ತಯಾರಿ ಎನ್ನಲು ಅದೊಂದು ಸುಳಿವು. ಬೆಳಕನ್ನು ಗೊತ್ತಾದಷ್ಟು ಹೊತ್ತು ಒಳಬಿಟ್ಟು ಮುಚ್ಚುವ ಶಟರ್ ಮೇಲೆ 'ಪ್ರೊಂಟರ್-ಎಸ್' ಎಂದಿತ್ತು. ಅದನ್ನು ಮಾಡುತ್ತಿದ್ದದ್ದು ಅಗ್ಫಾ ಅಲ್ಲ, ಜರ್ಮನಿಯ ಕಾಲ್ಮ್‌ಬಾಖ್ ಊರಿನ ಆಲ್ಫ್ರೆಡ್ ಗೌತಿಯರ್ ಕಾರ್ಖಾನೆ. ಶಟರ್‌ನ ವೇಗಗಳು 1, 2, 5, 10, 25, 50, 100 ಎಂಬ ಹಳೆಯ ಸರಣಿಯಲ್ಲಿದ್ದವು, 100 ಎಂದರೆ ನೂರನೇ ಒಂದು ಸೆಕೆಂಡು. 15, 30, 60, 125 ಎಂಬ ಈಗಿನ ಸರಣಿ ಆಮೇಲೆ ಬಂದದ್ದು.

ಮೇಲ್ಭಾಗದಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಚಕ್ರ ಇರಲಿಲ್ಲ, ಆದ್ದರಿಂದ ಅಗ್ಫಾದ ಇಸೊಲೆಟ್ ಎಂಬ ಮಡಚುವ ಕ್ಯಾಮೆರಾಗಳ ಸಾಲಿನಲ್ಲಿ ಇದು ಇಸೊಲೆಟ್ 3 ಅಲ್ಲ. ಬೆಳಕು ಅಳೆಯುವ ಮೀಟರ್ ಇಲ್ಲ, ಆದ್ದರಿಂದ ಇಸೊಲೆಟ್ ಎಲ್ ಕೂಡ ಅಲ್ಲ. ರೀಲು ಸುತ್ತುವ ಗುಬ್ಬಿ ತಿರುಗಿಸದ ಹೊರತು ಮೇಲಿನ ಗುಂಡಿ ಒತ್ತಲು ಬಿಡುವುದಿಲ್ಲ, ಒಂದೇ ಚೌಕದ ಮೇಲೆ ಎರಡು ಚಿತ್ರ ಬೀಳದಿರಲೆಂದು ಮಾಡಿದ ಬೀಗವದು. ಇವೆಲ್ಲ ಸೇರಿ ಇದು ಇಸೊಲೆಟ್ 2 ಎಂದಾಯಿತು. ಮ್ಯೂನಿಕ್‌ನ ಅಗ್ಫಾ ಕಾರ್ಖಾನೆ 1950ರಿಂದ 1960ರವರೆಗೆ ಮಾಡಿದ ಮಾದರಿ. ಹಳೆಯ ವೇಗಸರಣಿ, ಪ್ರೊಂಟರ್-ಎಸ್ ಎರಡನ್ನೂ ನೋಡಿದರೆ ನನ್ನದು ಆ ದಶಕದ ಮೊದಲ ಅರ್ಧದ್ದು. ಫೋಕಸ್ ಅಂಕಿಗಳು ಮೀಟರ್‌ಗಳಲ್ಲಿ ಇರದೆ ಅಡಿಗಳಲ್ಲಿದ್ದವು, ಅಂದರೆ ಇಂಗ್ಲಿಷ್ ಅಳತೆಯ ದೇಶಗಳಿಗೆಂದೇ ಹೊರಟ ಕ್ಯಾಮೆರಾ. ತೋಟದ ಮನೆಗೆ ಅದು ಬಂದ ಬಗೆ ಇದರಿಂದ ಪೂರ್ತಿ ತಿಳಿಯುವುದಿಲ್ಲ, ಆದರೂ ಹೀಗೊಂದೊಂದೇ ಗುರುತು ಕೂಡಿಬರುವಾಗಿನ ಸಂತೋಷ ನನಗೆ ಚಿತ್ರ ತೆಗೆಯುವ ಸಂತೋಷಕ್ಕಿಂತ ಕಡಿಮೆಯದಲ್ಲ.

ಚೀಲದ ತಳದಲ್ಲಿ ಖಾಲಿ ಸ್ಪೂಲ್ ಒಂದಿತ್ತು, ಜೊತೆಗೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮಿನ ಪೆಟ್ಟಿಗೆಯ ಒಂದು ತುಂಡು. ಅಲ್ಲಿ ಫಿಲ್ಮ್ ತಯಾರಿ ಶುರುವಾದದ್ದು 1967ರಲ್ಲಿ. ಅಂದರೆ ಕಾರ್ಖಾನೆಯಿಂದ ಹೊರಬಿದ್ದು ಹತ್ತು ವರ್ಷಗಳಾದ ಮೇಲೂ ಈ ಕ್ಯಾಮೆರಾ ಕೆಲಸ ಮಾಡುತ್ತಿತ್ತು. ಅದು ಕೆಟ್ಟದ್ದು ಆಮೇಲೆ, ಚೀಲದೊಳಗೆ.

ಫೋಕಸ್ ಉಂಗುರ ಕಲ್ಲಾಗಿತ್ತು. ಇಸೊಲೆಟ್‌ಗಳಿಗೆ ಇದು ಹೆಸರಾದ ರೋಗ. ಅಗ್ಫಾದವರು ಲೆನ್ಸಿನ ತಿರುಪಿನೆಳೆಗೆ ಹಚ್ಚಿದ ಗ್ರೀಸ್ ವರ್ಷಗಳು ಉರುಳಿದಂತೆ ಹಸಿರು ಮೇಣವಾಗಿ, ಕೊನೆಗೆ ಅಂಟಾಗಿ ಗಟ್ಟಿಯಾಗುತ್ತದೆ. ಇಲ್ಲಿ ಬಲ ಹಾಕುವವರು ಕೆಡುತ್ತಾರೆ. ಉಂಗುರವನ್ನು ಜೋರಾಗಿ ತಿರುಗಿಸಿದರೆ ಅದು ತಿರುಗಿದಂತೆಯೇ ಕಾಣುತ್ತದೆ. ಆದರೆ ನಿಜವಾಗಿ ಮುಂದಿನ ಗಾಜು ತನ್ನ ಹಿಂದಿನ ಗಾಜಿಗೆ ಅಂಟಿಕೊಂಡೇ ಇದ್ದು, ಎರಡೂ ಸೇರಿ ಶಟರ್‌ನಿಂದ ಕಳಚಿಕೊಳ್ಳುತ್ತಿರುತ್ತವೆ. ಗಾಜುಗಳ ನಡುವಿನ ಅಂತರ ಹಾಗೆಯೇ ಇರುವುದರಿಂದ ಚಿತ್ರ ಎಲ್ಲೂ ಸ್ಪಷ್ಟವಾಗುವುದಿಲ್ಲ. ಮಾರುವವರು ಎಷ್ಟೋ ಸಲ 'ಫೋಕಸ್ ಚೆನ್ನಾಗಿ ತಿರುಗುತ್ತದೆ' ಎಂದು ಹೇಳುವುದು ಇಂಥ ಕ್ಯಾಮೆರಾಗಳ ಬಗ್ಗೆಯೇ.

ಉಂಗುರದ ಅಂಚಿನ ಮೂರು ಪುಟ್ಟ ತಿರುಪುಗಳನ್ನು ಸಡಿಲಿಸಿ ಅದನ್ನು ತೆಗೆದೆ. ಎರಡೂ ಗಾಜುಗಳು ಒಂದೇ ಗಂಟಾಗಿ ಕೈಗೆ ಬಂದವು. ಬಿಚ್ಚುವಾಗಲೇ ಎಲ್ಲಿ ಕಳಚಿತೆಂದು ಸೂಜಿಯಿಂದ ಗುರುತು ಹಾಕಿಕೊಂಡಿದ್ದೆ. ಕೈಗಡಿಯಾರ ರಿಪೇರಿಯವರು ಬಳಸುವ ಬಿಳಿ ಪೆಟ್ರೋಲನ್ನು ಒಂದೆರಡು ತೊಟ್ಟು ಎಳೆಗೆ ಬಿಟ್ಟು ರಾತ್ರಿಯೆಲ್ಲ ಮುಚ್ಚಿಟ್ಟೆ, ಬೆಳಿಗ್ಗೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಹೊರ ಉಂಗುರವನ್ನು ಬೆಚ್ಚಗೆ ಮಾಡಿದೆ. ಲೋಹ ಹಿಗ್ಗುತ್ತದೆ, ಗ್ರೀಸ್ ಮೆದುವಾಗುತ್ತದೆ. ಹಲವು ದಿನ ಹೀಗೆಯೇ ನಡೆಯಿತು. ಅಸಿಟೋನ್ ಹಾಕಿದ್ದರೆ ಬೇಗ ಬಿಡುತ್ತಿತ್ತು, ಆದರೆ ಅಂಕಿಗಳಲ್ಲಿ ತುಂಬಿದ ಬಣ್ಣವೂ ಹೋಗುತ್ತಿತ್ತು. ಆ ಅಂಕಿಗಳನ್ನು ಯಾರೋ ತುಂಬಿದ್ದಾರೆ, ಅವನ್ನು ಅಳಿಸುವ ಹಕ್ಕು ನನಗಿಲ್ಲ. ಕೊನೆಗೊಂದು ಸಂಜೆ ಗಂಟು ಹಗುರಾಗಿ ಬಿಟ್ಟುಕೊಟ್ಟಿತು. ಒಳಗಿನ ಎಳೆಗಳಲ್ಲಿ ಪಾಚಿಬಣ್ಣದ ಅಂಟು ತುಂಬಿತ್ತು. ಮರದ ಕಡ್ಡಿಯಿಂದ ಅದನ್ನು ಪೂರಾ ತೆಗೆದು, ಹೊಸ ಗ್ರೀಸನ್ನು ತೆಳುವಾಗಿ ಹಚ್ಚಿದೆ.

ಗಾಜುಗಳ ಒಳಮೈಯಲ್ಲಿ ಬೂಷ್ಟು ಬಲೆ ಹೆಣೆದಿತ್ತು. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ದ್ರಾವಣಗಳನ್ನು ಸಮವಾಗಿ ಸೇರಿಸಿ, ಕಿಟಕಿ ತೆರೆದಿಟ್ಟು ಒರೆಸಿದೆ. ಬಲೆ ಹೋಯಿತು, ಆದರೆ ಒಂದು ಗಾಜಿನ ಅಂಚಿನಲ್ಲಿ ಅದರ ನೆರಳು ಉಳಿದಿದೆ. ಬೂಷ್ಟು ಬೆಳೆಯುವಾಗ ಸ್ರವಿಸುವ ಆಮ್ಲ ಲೇಪವನ್ನೂ ಗಾಜನ್ನೂ ಕೊರೆಯುತ್ತದೆ. ಕೊರೆದದ್ದನ್ನು ಯಾವ ದ್ರಾವಣವೂ ತುಂಬಲಾರದು.

ಆ ಚರ್ಮದ ಚೀಲದ ಮೇಲೆ ನನಗೆ ನಿಜವಾದ ಸಿಟ್ಟಿದೆ. ಚರ್ಮ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಅದರೊಳಗೆ ಕತ್ತಲು, ಗಾಳಿಯಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಗಾಳಿಯೇ ಒದ್ದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಆ ತೋಟದ ಮನೆಯವರು ಕ್ಯಾಮೆರಾವನ್ನು ಪ್ರೀತಿಯಿಂದಲೇ ಚೀಲಕ್ಕೆ ಹಾಕಿ, ಬಟ್ಟೆಗಳ ನಡುವೆ ಬೀರುವಿನಲ್ಲಿಟ್ಟಿರಬೇಕು. ಕಿಟಕಿಯ ಪಕ್ಕದ ಗೋಡೆಗೆ ಬರಿದೇ ತೂಗುಹಾಕಿ, ಆಗಾಗ ತಿದಿ ಬಿಚ್ಚಿ ಶಟರ್ ಒತ್ತಿದ್ದರೆ ಇದರ ಗಾಜು ಇವತ್ತಿಗೂ ಹೊಸದರಂತಿರುತ್ತಿತ್ತು. ನಾನೀಗ ಚೀಲವನ್ನು ಬೇರೆಯೇ ಇಟ್ಟು, ಕ್ಯಾಮೆರಾವನ್ನು ಗಾಜಿನ ಬಾಗಿಲಿನ ಕಪಾಟಿನಲ್ಲಿ, ನೀಲಿ ಸಿಲಿಕಾ ಜೆಲ್ ತುಂಬಿದ ಬಟ್ಟಲಿನ ಪಕ್ಕ ಇಟ್ಟಿದ್ದೇನೆ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು.

ಇಸೊಲೆಟ್‌ನ ಎರಡನೆಯ ಹೆಸರಾದ ರೋಗ ತಿದಿಯದು. ಅಗ್ಫಾದ ಕೃತಕ ತೊಗಲು ಮಡಿಕೆಯ ಮೂಲೆಗಳಲ್ಲಿ ಸೀಳುತ್ತದೆ. ದೀಪ ಆರಿಸಿ, ಪುಟ್ಟ ಟಾರ್ಚನ್ನು ಒಳಗಿಟ್ಟಾಗ ಮೂಲೆಮೂಲೆಯಲ್ಲೂ ಬೆಳಕಿನ ಚುಕ್ಕಿಗಳು ಕಂಡವು. ತೂತು ಒಂದೋ ಎರಡೋ ಆಗಿದ್ದರೆ ಕಪ್ಪು ಬಣ್ಣ, ಬಿಳಿ ಅಂಟು ಬೆರೆಸಿ ಹಚ್ಚಬಹುದು. ಇಷ್ಟಿದ್ದರೆ ತೇಪೆ ನಿಲ್ಲುವುದಿಲ್ಲ. ಹಳೆಯ ತಿದಿಯನ್ನು ಹುಷಾರಾಗಿ ಬಿಡಿಸಿ, ಬಿಚ್ಚಿ ಹರಡಿ, ಅದರ ಮಡಿಕೆಗೆರೆಗಳನ್ನು ಕಾಗದಕ್ಕೆ ಇಳಿಸಿಕೊಂಡೆ. ಬೆಳಕು ತೂರದ ಕಪ್ಪು ಬಟ್ಟೆ, ನಡುವೆ ಕಾಗದದ ಪಟ್ಟಿಗಳು, ಹೊರಗೆ ಪುಸ್ತಕದ ರಟ್ಟಿಗೆ ಹೊದಿಸುವ ತೆಳು ತೊಗಲು. ಮಡಚುವ ಕೆಲಸದಲ್ಲಿ ಮಾತ್ರ ನಮ್ಮ ಗ್ರಂಥಾಲಯಕ್ಕೆ ಪುಸ್ತಕ ಕಟ್ಟುವವರ ಬೆರಳುಗಳು ಬೇಕಾದವು. ಮಡಿಕೆಯ ಬೆನ್ನನ್ನು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎನ್ನುವುದು ಅವರಿಗೆ ನೋಡಿದೊಡನೆ ತಿಳಿಯಿತು.

ಶಟರ್ ಹೆಚ್ಚು ಕಾಡಲಿಲ್ಲ. ನಿಧಾನದ ವೇಗಗಳು ಎಳೆಯುತ್ತಿದ್ದವು. ಅದರ ಹಲ್ಲುಚಕ್ರಗಳಿಗೆ ಬಿಳಿ ಪೆಟ್ರೋಲ್ ತಾಗಿಸಿದ ಮೇಲೆ ಸರಿಯಾದವು. ತೆರೆದು ಮುಚ್ಚುವ ಅದರ ಲೋಹದ ಎಲೆಗಳಿಗೆ ಎಣ್ಣೆಯ ಪಸೆಯೂ ಸೋಕಬಾರದು. ಪರೀಕ್ಷೆಗೆ ಮೊಬೈಲ್ ಸಾಕು. ಸೆಕೆಂಡಿಗೆ 240 ಚಿತ್ರಗಳ ನಿಧಾನಗತಿಯ ವಿಡಿಯೊದಲ್ಲಿ ಶಟರ್ ಹಿಡಿದರೆ, ಹತ್ತನೇ ಒಂದು ಸೆಕೆಂಡಿಗೆ ಸುಮಾರು 24 ಚಿತ್ರಗಳಲ್ಲಿ ಅದು ತೆರೆದಿರಬೇಕು. ನನ್ನದು 27ರಲ್ಲಿ ತೆರೆದಿತ್ತು. ಎಪ್ಪತ್ತು ವರ್ಷದ ಯಂತ್ರಕ್ಕೆ ಅದು ಉತ್ತಮ ಅಂಕ.

ಇನ್ನು ಅನಂತ ದೂರವನ್ನು ಕೂರಿಸುವ ಕೆಲಸ. ಪಿಯುಸಿ ಮಕ್ಕಳು ಪೀನ ಮಸೂರದ ಸಂಗಮದೂರ ಕಂಡುಹಿಡಿಯಲು ಕಿಟಕಿಯಾಚೆಯ ಮರವನ್ನು ಗೋಡೆಯ ಮೇಲೆ ಮೂಡಿಸುತ್ತಾರಲ್ಲ, ಅದೇ ಪ್ರಯೋಗ. ಫಿಲ್ಮ್ ಕೂರುವ ಕಂಬಿಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಬಿಗಿಯಾಗಿ ಅಂಟಿಸಿ, ಶಟರನ್ನು 'ಬಿ'ಯಲ್ಲಿ, ಅಂದರೆ ಗುಂಡಿ ಒತ್ತಿಹಿಡಿದಷ್ಟು ಹೊತ್ತು ತೆರೆದಿರುವ ಸ್ಥಾನದಲ್ಲಿ, ತೆರೆದು ನಿಲ್ಲಿಸಿ, ಮಾಳಿಗೆಯಿಂದ ದೂರದ ಮೊಬೈಲ್ ಗೋಪುರವನ್ನು ನೋಡಿದೆ. ತಲೆಕೆಳಗಾದ ಗೋಪುರದ ಕಂಬಿಗಳು ಭೂತಗನ್ನಡಿಯಲ್ಲಿ ಒಂದೊಂದಾಗಿ ಬಿಡಿಯಾಗುವವರೆಗೆ ಮುಂದಿನ ಗಾಜನ್ನು ತಿರುಗಿಸಿ, ಉಂಗುರದ ಅನಂತ ಚಿಹ್ನೆಯನ್ನು ಗುರುತಿಗೆ ಹೊಂದಿಸಿ ಮೂರು ತಿರುಪುಗಳನ್ನೂ ಬಿಗಿದೆ.

ಅದೃಷ್ಟವೆಂದರೆ ಈ ಕ್ಯಾಮೆರಾದ ಫಿಲ್ಮ್ ಇನ್ನೂ ಸಿಗುತ್ತದೆ. ಕೊಡ್ಯಾಕ್ 1901ರಲ್ಲಿ ತಂದ 120 ರೀಲಿನ ಅಳತೆ ಇಂದಿಗೂ ಬದಲಾಗಿಲ್ಲ. ಇಲ್‌ಫರ್ಡ್‌ನ ಎಫ್‌ಪಿ4 ಎಂಬ ಕಪ್ಪುಬಿಳುಪು ಫಿಲ್ಮ್ ತರಿಸಿದೆ. ಬೆನ್ನಿನ ಕೆಂಪು ಕಿಟಕಿಯಲ್ಲಿ ಅಂಕಿ ನೋಡುತ್ತ ಸುತ್ತಿದರೆ ಹನ್ನೆರಡು ಚೌಕ ಚಿತ್ರಗಳು. ಆ ಕಿಟಕಿ ಕೆಂಪು ಬೆಳಕನ್ನು ಕಾಣದ ಹಳೆಯ ಫಿಲ್ಮಿಗೆಂದು ಹುಟ್ಟಿದ ಉಪಾಯ. ಈಗಿನ ಫಿಲ್ಮಿಗೆ ಕೆಂಪೂ ಕಾಣುವುದರಿಂದ, ಅಂಕಿ ನೋಡಿದೊಡನೆ ಅದರ ಮೇಲೆ ಕಪ್ಪು ಟೇಪ್ ಅಂಟಿಸುತ್ತೇನೆ.

ಮೊದಲ ರೀಲಿಗೆ ಬೇಲೂರು ರಸ್ತೆಯಿಂದ ಒಳಗಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಆರಿಸಿಕೊಂಡೆ. 1114ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತ ಎಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿಗಳ ದೇವಾಲಯ. ಹಳೇಬೀಡಿನ ಸೂಕ್ಷ್ಮ ಕೆತ್ತನೆಗಿಂತ ಇದರ ಮೆಟ್ಟಿಲು ಮೆಟ್ಟಿಲಾದ ಕದಂಬ ಶೈಲಿಯ ಶಿಖರಗಳು ನನಗೆ ಬೇಕಿದ್ದವು. ಒಂದರ ಮೇಲೊಂದು ಅಡ್ಡಗೆರೆಗಳಿರುವುದರಿಂದ ಲೆನ್ಸ್ ಎಲ್ಲಿ ಚೂಪು, ಎಲ್ಲಿ ಮಂದ ಎಂದು ಅವು ಸ್ಪಷ್ಟವಾಗಿ ಹೇಳುತ್ತವೆ. ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಎಫ್/16, ನೂರನೇ ಒಂದು ಸೆಕೆಂಡು. ಕಾಳಿಯ ಗರ್ಭಗುಡಿಯ ಬಾಗಿಲಲ್ಲಿ ನಿಂತ ಬೇತಾಳಗಳಿಗೆ ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಒಂದು ಪೂರ್ತಿ ಸೆಕೆಂಡು.

ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣವನ್ನು ನಾನೇ ತೂಗಿ ಮಾಡಿಕೊಂಡೆ. ಡಿ-76 ಎಂಬ ಸೂತ್ರ: ಒಂದು ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2. ಅಷ್ಟೇ ನೀರು ಬೆರೆಸಿ, ಮಂಜುಗಡ್ಡೆಯ ಬಕೆಟ್ಟಿನಲ್ಲಿ 20 ಡಿಗ್ರಿಗೆ ಇಳಿಸಿ, 11 ನಿಮಿಷ. ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದ ಹಂತ ಮುಗಿದು ರೀಲು ಬಿಡಿಸಿದಾಗ ಹನ್ನೆರಡೂ ಚಿತ್ರಗಳಿದ್ದವು, ಅಂಚುಗಳು ಶುದ್ಧವಾಗಿದ್ದವು, ತಿದಿಯಿಂದ ಒಂದು ಎಳೆ ಬೆಳಕೂ ಸೋರಿರಲಿಲ್ಲ. ಬೇತಾಳದ ಪಕ್ಕೆಲುಬುಗಳನ್ನು ಎಣಿಸಬಹುದು. ಶಿಖರದ ಗೆರೆಗಳು ಎಫ್/11ರಲ್ಲಿ ಮೂಲೆಯವರೆಗೂ ಚೂಪು. ಎಫ್/4,5ರಲ್ಲಿ ತೆಗೆದ ಒಂದರಲ್ಲಿ ಮೂಲೆಗಳು ಕರಗಿವೆ, ಅದು ಮೂರು ಗಾಜಿನ ಲೆನ್ಸಿನ ಸ್ವಭಾವ, ನನಗದು ಇಷ್ಟ.

ಬೂಷ್ಟು ಕೊರೆದ ಕಲೆ ಕಂಡದ್ದು ಒಂದೇ ಚಿತ್ರದಲ್ಲಿ. ಕೆರೆಯ ಕಡೆ ತಿರುಗಿ ಸೂರ್ಯನಿಗೆ ಎದುರಾಗಿ ತೆಗೆದದ್ದರಲ್ಲಿ ಆಕಾಶವೆಲ್ಲ ಮಂಜಾಗಿದೆ. ಈ ವಾರ ಕಪ್ಪು ಚಾರ್ಟ್ ಕಾಗದದಿಂದ ಲೆನ್ಸಿಗೊಂದು ನೆರಳಿನ ಕೊಳವೆ ಸುತ್ತುತ್ತಿದ್ದೇನೆ. ಅದರ ಉದ್ದವನ್ನು ಅದೇ ಟ್ರೇಸಿಂಗ್ ಕಾಗದದ ಮೇಲೆ, ಚೌಕದ ನಾಲ್ಕೂ ಮೂಲೆ ಮುಚ್ಚಿಹೋಗದಂತೆ ನೋಡಿಕೊಂಡು ಗೊತ್ತುಮಾಡಬೇಕು.