ಮಾಟ್ಲಿ ಮೇಡಂ ಕೇಸು ಬಿಡಲಿಲ್ಲ

ಇವತ್ತು ಕೋರ್ಟ್ ಕ್ಯಾಂಟೀನಲ್ಲಿ ಜೂನಿಯರ್ ಒಬ್ಬಳು, "ಮೇಡಂ, ಜಡ್ಜ್ ಹೆಂಗಸು ಅಂತ ನಮ್ಮ ಕಕ್ಷಿದಾರ ಗೊಣಗ್ತಿದ್ದಾನೆ" ಅಂದ್ಲು.

ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ನೆನಪಾದ್ರು. ಕಪ್ಪು ಜನರ ಹಕ್ಕುಗಳ ಪರ ಹೋರಾಡಿದ ವಕೀಲೆ, ಅಮೆರಿಕದ ಸುಪ್ರೀಂ ಕೋರ್ಟಲ್ಲಿ 10 ಕೇಸು ವಾದಿಸಿ 9 ಗೆದ್ದವರು. 1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ನ್ಯೂಯಾರ್ಕಿನ ಫೆಡರಲ್ (ಅಂದ್ರೆ ಕೇಂದ್ರದ) ಜಿಲ್ಲಾ ಕೋರ್ಟಿಗೆ ಜಡ್ಜ್ ಆಗಿ ಇವರ ಹೆಸರನ್ನ ಸೆನೆಟ್ ಒಪ್ಪಿಗೆಗೆ ಕಳಿಸಿದ್ರೆ, ಮಿಸಿಸಿಪಿಯ ಸೆನೆಟರ್ ಈಸ್ಟ್‌ಲ್ಯಾಂಡ್ ಅಡ್ಡಗಾಲು ಹಾಕಿದ. ಒಪ್ಪಿಗೆ ಸಿಕ್ಕಿದ್ದು ಆಗಸ್ಟಲ್ಲಿ. (ಫೈಲ್ ಕೂರೋದು ಎಲ್ಲ ಕಡೆ ಇದ್ದದ್ದೇ ಬಿಡಿ.) ಫೆಡರಲ್ ಜಡ್ಜ್ ಆದ ಮೊದಲ ಕಪ್ಪು ಮಹಿಳೆ.

1975ರಲ್ಲಿ ದೊಡ್ಡ ಲಾ ಫರ್ಮ್ ಒಂದರ ಮೇಲೆ ಲಿಂಗ ತಾರತಮ್ಯದ ಕೇಸು ಇವರ ಮುಂದೆ ಬಂತು. ನೀವು ಹೆಂಗಸು, ಹಕ್ಕುಗಳ ಪರ ಹೋರಾಡಿದವರು, ಕೇಸು ಬಿಟ್ಕೊಡಿ ಅಂತ ಫರ್ಮ್ ಕಡೆಯಿಂದ ಅರ್ಜಿ! ಮೇಡಂ ಜಗ್ಗಲಿಲ್ಲ. ಲಿಂಗ, ಬಣ್ಣ ಯಾವ ಜಡ್ಜಿಗಿಲ್ಲ? ಅದೇ ಕಾರಣ ಆದ್ರೆ ಈ ಕೋರ್ಟಲ್ಲಿ ಯಾರೂ ಈ ಕೇಸು ಕೇಳೋ ಹಾಗಿಲ್ಲ ಅಂತ ಬರೆದ್ರು.

ಜಡ್ಜ್ ಗಂಡಸು ಅಂತ ಗೊಣಗಿದ ಕಕ್ಷಿದಾರ ನನಗಂತೂ ಇನ್ನೂ ಸಿಕ್ಕಿಲ್ಲ.