ನಿಮಗೆ ಮಾತ್ರ ಇಂಥ ಹುಡುಗರು ಎಲ್ಲಿ ಸಿಗುತ್ತಾರೆ?

ಮದುವೆಮನೆಯ ಪಂಕ್ತಿಯಲ್ಲಿ, ವೈರಿನ ಅಂಗಡಿಯಲ್ಲಿ, ಬೆಣ್ಣೆದೋಸೆಗೆ ಕಾಯುತ್ತ ನಿಂತಾಗ, ಮೋಟಾರು ಸುತ್ತುವ ನಮ್ಮ ಕಸುಬಿನವರು ಎಲ್ಲಿ ಸಿಕ್ಕರೂ ಕೇಳುವುದು ಒಂದೇ ಮಾತು. "ನಿಮಗೆ ಮಾತ್ರ ಇಂಥ ಹುಡುಗರು ಎಲ್ಲಿ ಸಿಗುತ್ತಾರೆ ಸ್ವಾಮಿ? ನಮ್ಮಲ್ಲಿ ಬಂದವರು ಆರು ತಿಂಗಳು ನಿಲ್ಲುವುದಿಲ್ಲ. ನಿಂತವರು ಕಲಿಯುವುದಿಲ್ಲ." ನಾನು ನಕ್ಕು ಸುಮ್ಮನಾಗುತ್ತೇನೆ. ಎಲೆಯ ಮುಂದೆ ಕೂತು ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಸ್ವಲ್ಪ ಮರ್ಯಾದೆ ಕಳೆದುಕೊಳ್ಳುವ ಉತ್ತರವೂ ಹೌದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಗಿರುವ ಮೋಟಾರ್ ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಾಮ್ರದ ವೈರು ಸುತ್ತಿಕೊಡುವ ಜಾಗ. ಕೊಳವೆಬಾವಿಯ ಸಬ್‌ಮರ್ಸಿಬಲ್ ಮೋಟಾರುಗಳೇ ಹೆಚ್ಚು. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ತೋಟದವರು, ಜಗಳೂರಿನ ಕಡೆಯ ಒಣಭೂಮಿಯವರು, ಭದ್ರಾ ನಾಲೆಯ ಕೊನೆಯ ಭಾಗದಲ್ಲಿದ್ದು ನಾಲೆಯನ್ನೂ ನಂಬಲಾಗದೆ ಬೋರು ಕೊರೆಸಿದವರು, ಎಲ್ಲರೂ ಬರುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ನಿಜ. ಆದರೆ ಮೂರು ಫೇಸ್ ಕೊಡುವುದು ದಿನಕ್ಕೆ 7 ಗಂಟೆ, ಅದೂ ಪಾಳಿಯ ಮೇಲೆ. ಕರೆಂಟು ಬಂದ ತಕ್ಷಣ ಲೈನಿನಲ್ಲಿರುವ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು ನಿಂತರೆ ವೋಲ್ಟೇಜು ನೆಲ ಕಚ್ಚುತ್ತದೆ. ಉಳಿದ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ಎರಡು ಫೇಸಿನಲ್ಲಿ ಓಡಿಸುವವರೂ ಇದ್ದಾರೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ನಮ್ಮ ಅಂಗಡಿಯ ಮುಂದೆ ಸುಟ್ಟ ಮೋಟಾರು ಹೊತ್ತ ಗಾಡಿಗಳ ಸಾಲು ತಪ್ಪುವುದಿಲ್ಲ. ನನ್ನನ್ನೂ ಸೇರಿಸಿ ಒಂಬತ್ತು ಜನ.

ಹುಡುಗರು ಸಿಕ್ಕಿದ್ದು ನಿಮಗೆ ಸಿಕ್ಕಲ್ಲೇ. ಐಟಿಐ ಅರ್ಧಕ್ಕೆ ಬಿಟ್ಟವರು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾದವರು, ತಾಯಿ ಕೈಹಿಡಿದು ತಂದು "ಏನಾದರೂ ಕಲಿಸಿ ಅಣ್ಣಾ" ಎಂದು ಬಿಟ್ಟುಹೋದವರು. ಮೊದಲ ಹನ್ನೆರಡು ವರ್ಷ ನನ್ನಲ್ಲೂ ಯಾರೂ ನಿಲ್ಲುತ್ತಿರಲಿಲ್ಲ. ಈಗಿನ ಕಾಲದ ಹುಡುಗರಿಗೆ ಮೈ ಬಗ್ಗುವುದಿಲ್ಲ, ಮೊಬೈಲ್ ಒಂದಿದ್ದರೆ ಸಾಕು ಎಂದು ನಾನೂ ಊರೆಲ್ಲ ಹೇಳಿಕೊಂಡು ತಿರುಗಿದವನೇ.

ಆ ಮಾತು ನಿಂತದ್ದು ಚನ್ನಗಿರಿ ಕಡೆಯ ಒಂದು ತೋಟದಲ್ಲಿ. ಏಪ್ರಿಲ್ ತಿಂಗಳು. 10 ಎಚ್‌ಪಿ ಮೋಟಾರು, 600 ಅಡಿ ಆಳ. ನಾವು ಸುತ್ತಿಕೊಟ್ಟು ಇಳಿಸಿ ಬಂದ ಮೂರನೆಯ ದಿನಕ್ಕೇ ಸುಟ್ಟಿತು. 600 ಅಡಿ ಎಂದರೆ 20 ಅಡಿಯ 30 ಪೈಪುಗಳು. ಒಂದೊಂದನ್ನೂ ಎತ್ತಿ, ಕ್ಲಾಂಪ್ ಹಾಕಿ, ಬಿಚ್ಚಿ, ಪಕ್ಕಕ್ಕೆ ಮಲಗಿಸಬೇಕು. ಕೇಬಲ್ಲನ್ನು ಪೈಪಿಗೆ ಕಟ್ಟಿದ ಕಟ್ಟುಗಳನ್ನು ಒಂದೊಂದಾಗಿ ಕತ್ತರಿಸಬೇಕು. ಎತ್ತುವ ಗಾಡಿಯ ಬಾಡಿಗೆ ಬೇರೆ. ಆ ರೈತರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೋಟದ ಬದುವಿನ ಮೇಲೆ ಕೂತು, ಸೋತು ಜೋತುಬಿದ್ದ ಅಡಿಕೆಯ ಸೋಗೆಗಳನ್ನೇ ನೋಡುತ್ತಿದ್ದರು.

ಅಂಗಡಿಗೆ ತಂದು ಬಿಚ್ಚಿ ನೋಡಿದರೆ ಒಂದು ಸ್ಲಾಟಿನ (ವೈರು ಕೂರುವ ಕಂಡಿಯ) ಬಾಯಿಯ ಹತ್ತಿರ ವೈರಿನ ಪ್ಲಾಸ್ಟಿಕ್ ಹೊದಿಕೆ ಸೀಳಿದೆ. ಈ ಮೋಟಾರುಗಳ ಒಳಗೆ ನೀರು ತುಂಬಿರುತ್ತದೆ, ವೈಂಡಿಂಗ್ ನೀರಿನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಆದ್ದರಿಂದ ವೈರಿಗೆ ವಾರ್ನಿಷ್ ಸಾಲುವುದಿಲ್ಲ, ಹೊದಿಕೆಯೇ ಬೇಕು. ಆ ವೈರನ್ನು ಸ್ಟೇಟರಿನ (ಮೋಟಾರಿನ ತಿರುಗದ ಹೊರಭಾಗದ) ಆಚೆ ಒಬ್ಬ ಈಚೆ ಒಬ್ಬ ಕೂತು, ಸೂಜಿಗೆ ದಾರ ಪೋಣಿಸುವ ಹಾಗೆ ಪ್ರತಿ ಸುತ್ತನ್ನೂ ಕೈಯಿಂದಲೇ ಎಳೆಯಬೇಕು. ಎಳೆಯುವಾಗ ಕಬ್ಬಿಣದ ಅಂಚಿಗೆ ತಗುಲಿ ಉಗುರಿನಷ್ಟು ತರಚಿದರೂ ಮುಗಿಯಿತು. ನೀರು ಒಳಗೆ ಹೋಗುತ್ತದೆ.

ತರಚಿದ್ದು ಹರಪನಹಳ್ಳಿ ಕಡೆಯ ಹುಡುಗ. ಗ್ರಾಹಕರ ಮುಂದೆಯೇ ಅವನ ಜನ್ಮ ಜಾಲಾಡಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ, "ತರಚಿದ್ದು ಎಳೆಯುವಾಗಲೇ ಗೊತ್ತಾಗಿತ್ತಣ್ಣ," ಎಂದ. ನನಗೆ ಪಿತ್ತ ನೆತ್ತಿಗೇರಿತು. "ಗೊತ್ತಿದ್ದೂ ಹೇಳಲಿಲ್ಲವೇನೋ?" "ಹಿಂದಿನ ದಿನ ಬುಷ್ ಒಡೆದಿದೆ ಎಂದು ಹೇಳಿದವನಿಗೆ ನೀವು ಇದೇ ಥರ ಬೈದಿದ್ದಿರಿ."

ಅಲ್ಲಿಗೆ ಮುಗಿಯಲಿಲ್ಲ. ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಇನ್ನೊಂದು ಹೊಳೆಯಿತು. ಸುತ್ತಿ ಮುಗಿದ ಸ್ಟೇಟರನ್ನು ರಾತ್ರಿಯಿಡೀ ನೀರಿನ ತೊಟ್ಟಿಯಲ್ಲಿ ನೆನೆಸಿ, ಬೆಳಿಗ್ಗೆ ಮೆಗ್ಗರ್, ಅಂದರೆ ಹೊದಿಕೆಯಿಂದ ಕರೆಂಟು ಸೋರುತ್ತದೆಯೇ ಎಂದು ನೋಡುವ ಮೀಟರ್, ಹಾಕಬೇಕು. ಹೊದಿಕೆ ಸೀಳಿದ್ದರೆ ಮುಳ್ಳು ಸೊನ್ನೆಯ ಕಡೆ ಬೀಳುತ್ತದೆ, ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ. ಮೆಗ್ಗರ್ ಹಾಕುವ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಿರಲಿಲ್ಲ. ಅವತ್ತು ರೈತರು ಅವಸರ ಮಾಡಿದರು, ಸಾಲಿನಲ್ಲಿ ಇನ್ನೂ ಹತ್ತು ಮೋಟಾರುಗಳಿದ್ದವು. ಒಣಗಿದ್ದಾಗಲೇ ಮೆಗ್ಗರ್ ಹಾಕಿ "ಸರಿ ಇದೆ, ತೆಗೆದುಕೊಂಡು ಹೋಗಿ" ಎಂದವನು ನಾನು. ಹುಡುಗನದು ಒಂದು ತಪ್ಪು, ನನ್ನದು ಒಂದು. ಬೈಗುಳ ಮಾತ್ರ ಪೂರ್ತಿ ಅವನ ಪಾಲಿಗೆ.

ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ಈ ಕಥೆ ಕೇಳಿ ಅವಳು ತನ್ನ ಪಾಠದ ಒಂದು ಸಂಗತಿ ಹೇಳಿದಳು. ಅಮೆರಿಕದ ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರಂತೆ. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕಲ್ಲ? ಲೆಕ್ಕ ನೋಡಿದರೆ ಅಂಥ ಕಡೆಯೇ ಹೆಚ್ಚು. ಅಲ್ಲಿಯವರು ತಪ್ಪಾದಾಗ ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದೆಡೆ ಮುಚ್ಚಿಡುತ್ತಿದ್ದರು. ನನ್ನ ಅಂಗಡಿಯಲ್ಲಿ ಆಗ ತಪ್ಪುಗಳೇ ಇರಲಿಲ್ಲ! ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಆ ಸುಟ್ಟ ತಾಮ್ರದ ಸಿಂಬೆಯಿಂದ ಒಂದು ಗೇಣು ಕತ್ತರಿಸಿ ಗೋಡೆಯ ಮೊಳೆಗೆ ನೇತುಹಾಕಿದೆ. ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿ ನನ್ನ ಕೈಯಲ್ಲೇ ಬರೆದೆ: "ನೆನೆಸದೆ ಮೆಗ್ಗರ್ ಹಾಕಿದ್ದು." ಕೆಳಗೆ ನನ್ನ ಹೆಸರು. ಹುಡುಗರು ಪಿಳಿಪಿಳಿ ನೋಡಿದರು. ಒಂದು ತಿಂಗಳು ಆ ಮೊಳೆಯಲ್ಲಿ ನನ್ನ ಚೀಟಿ ಒಂದೇ ಇತ್ತು. ಆಮೇಲೆ ಒಂದು ದಿನ ಪಕ್ಕದಲ್ಲಿ ಇನ್ನೊಂದು ತುಂಡು ಕಾಣಿಸಿತು: "ಕೇಬಲ್ ಜಾಯಿಂಟಿನ ಟೇಪು ಸಡಿಲ." ಯಾರದು ಎಂದು ಕೇಳಲಿಲ್ಲ. ಸಂಜೆ ಹೊತ್ತಿಗೆ ಅವನೇ ಬಂದು ಹೇಳಿದ. ಈಗ ಹದಿನೇಳು ತುಂಡುಗಳಿವೆ. ಹೊಸದಾಗಿ ಸೇರಿದವನಿಗೆ ಮೊದಲ ದಿನದ ಪಾಠ ಆ ಗೋಡೆಯ ಮುಂದೆಯೇ.

ಬೈಯುವ ಅಭ್ಯಾಸ ಎಲ್ಲಿಂದ ಬಂತು ಎಂದು ನೋಡಿದರೆ ನನ್ನ ಗುರುಗಳಿಂದ. ಅವರು ಸ್ಪ್ಯಾನರ್ ಬೀಸಿ ಒಗೆಯುತ್ತಿದ್ದರು. ನಾನು ಬರೀ ಬೈಯುತ್ತೇನಲ್ಲ ಎಂದು ನನಗೆ ನಾನೇ ಒಳ್ಳೆಯವನಾಗಿದ್ದೆ. ಇಬ್ಬರೇ ಇದ್ದಾಗ ನಡೆದ ಅಭ್ಯಾಸಗಳನ್ನೇ ಒಂಬತ್ತು ಜನರಾದ ಮೇಲೂ ಹಿಡಿದುಕೊಂಡಿದ್ದೆ. ಮಳೆಗಾಲದಲ್ಲಿ ಕೆಲಸ ಕಡಿಮೆಯಾದಾಗ ನಾವು ಉಪಕರಣಗಳನ್ನೆಲ್ಲ ತೆಗೆದು ಒರೆಸಿ, ಎಣ್ಣೆ ಬಿಟ್ಟು, ಸವೆದದ್ದನ್ನು ಬದಲಿಸುತ್ತೇವೆ. ಆ ವರ್ಷದಿಂದ ಅದೇ ದಿನಗಳಲ್ಲಿ ನನ್ನ ಒಂದು ಅಭ್ಯಾಸವನ್ನೂ ಹೊರಗೆ ತೆಗೆದು ನೋಡುತ್ತೇನೆ. ವರ್ಷಕ್ಕೆ ಒಂದೇ. ಎರಡು ಹಿಡಿದರೆ ಎರಡೂ ಕೈಬಿಡುತ್ತವೆ, ಅನುಭವದಿಂದ ಹೇಳುತ್ತಿದ್ದೇನೆ.

ತೀರಾ ಕಷ್ಟವಾದದ್ದು ಪುಸ್ತಕದ ವಿಷಯ. ಯಾವ ಕಂಪನಿಯ ಯಾವ ಮೋಟಾರಿಗೆ ಎಷ್ಟು ಸ್ಲಾಟು, ಸ್ಲಾಟಿಗೆ ಎಷ್ಟು ಸುತ್ತು, ವೈರಿನ ದಪ್ಪವೆಷ್ಟು ಎಂಬ ಡೇಟಾ ಪುಸ್ತಕ ಪ್ರತಿ ರಿವೈಂಡಿಂಗ್ ಅಂಗಡಿಯಲ್ಲೂ ಇರುತ್ತದೆ, ಪ್ರತಿ ಅಂಗಡಿಯಲ್ಲೂ ಬೀಗದೊಳಗೆ ಇರುತ್ತದೆ. ನನ್ನದು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿತ್ತು. ನಾನು ಒಂದು ಚೀಟಿಯಲ್ಲಿ ಅಂಕಿ ಬರೆದುಕೊಡುತ್ತಿದ್ದೆ, ಅವರು ಸುತ್ತುತ್ತಿದ್ದರು. ಏಕೆ ಅಷ್ಟೇ ಸುತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಊರಿಗೆ ಹೋದರೆ ಕೆಲಸ ನಿಲ್ಲುತ್ತಿತ್ತು. ನಾನಿಲ್ಲದೆ ನಡೆಯುವುದಿಲ್ಲ ಎಂದು ಒಳಗೊಳಗೇ ಖುಷಿಪಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಬಿಚ್ಚುವಾಗ ಎಣಿಸಿ ಬರೆಯುವ ಕೆಲಸವನ್ನೂ ಅವರಿಗೇ ಕೊಟ್ಟೆ. ಎಂಟು ತಿಂಗಳಿಗೆ ಒಬ್ಬ, ಅತ್ಯಂತ ಚುರುಕಾದವನು, ಪುಸ್ತಕದ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ ಹೊಳಲ್ಕೆರೆ ಕಡೆ ಸ್ವಂತ ಅಂಗಡಿ ತೆರೆದ. ನನ್ನ ಗ್ರಾಹಕರು ಕೆಲವರು ಅವನ ಹಿಂದೆ ಹೋದರು. "ನೋಡಿದಿರಾ, ನಾವು ಹೇಳಿರಲಿಲ್ಲವೇ?" ಎಂದು ಕೇಳಿದವರು ನೀವೇ. ನೋವಾಯಿತು, ಈಗಲೂ ಆಗುತ್ತದೆ. ತನ್ನ ಕೈಗೆ ಮೀರಿದ ದೊಡ್ಡ ಮೋಟಾರುಗಳನ್ನು ಅವನು ನನಗೇ ಕಳಿಸುತ್ತಾನೆ ಎಂಬುದು ನಿಜ, ಆದರೆ ಅದರಿಂದ ಲೆಕ್ಕ ಸರಿಹೋಯಿತು ಎಂದು ಸುಳ್ಳು ಹೇಳಲಾರೆ. ಪುಸ್ತಕ ಮಾತ್ರ ಮೇಜಿನ ಮೇಲೇ ಇದೆ. ಉಳಿದವರಲ್ಲಿ ಮೂವರು ಈಗ ಹಳೆಯ ಡೇಟಾ ಸಿಗದ ಮೋಟಾರಿಗೂ ಸ್ಟೇಟರಿನ ಉದ್ದ, ಒಳವ್ಯಾಸ ಅಳೆದು ಸುತ್ತಿನ ಲೆಕ್ಕ ತಾವೇ ಹಾಕುತ್ತಾರೆ.

ಫೋನಿನ ಅಭ್ಯಾಸವೂ ಹೀಗೆಯೇ. ಹೊಲದಿಂದ ಹುಡುಗ ಕರೆ ಮಾಡುತ್ತಾನೆ: "ಅಣ್ಣ, ಮೋಟಾರು ಓಡುತ್ತಿದೆ, ನೀರು ಕಡಿಮೆ." ಮೊದಲಾಗಿದ್ದರೆ ಅವನ ಮಾತು ಮುಗಿಯುವ ಮುಂಚೆಯೇ "ಎರಡು ವೈರು ಅದಲುಬದಲು ಮಾಡು" ಎಂದು ಫೋನಿಡುತ್ತಿದ್ದೆ. ನಾಳೆ ಇನ್ನೊಂದು ಹೊಲದಿಂದ ಅದೇ ಪ್ರಶ್ನೆ. ಈಗ "ನಿನಗೇನನ್ನಿಸುತ್ತದೆ?" ಎನ್ನುತ್ತೇನೆ. ಆ ಕಡೆ ಮೌನ. ಆ ಮೌನವನ್ನು ತಡೆದುಕೊಳ್ಳುವುದೇ ನನಗೆ ದೊಡ್ಡ ತಪಸ್ಸು, ನಾಲಿಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿರುತ್ತದೆ. "ಉಲ್ಟಾ ತಿರುಗುತ್ತಿರಬಹುದಾ ಅಣ್ಣ?" "ನೋಡು ಮತ್ತೆ." ಐದು ನಿಮಿಷದಲ್ಲಿ ಮತ್ತೆ ಫೋನು, ಹಿಂದೆ ನೀರು ಬೀಳುವ ಸದ್ದು. ಇತ್ತೀಚೆಗೆ ಇಂಥ ಕರೆಗಳೇ ಬರುವುದಿಲ್ಲ.

ಎರಡು ಸಾವಿರ ರೂಪಾಯಿವರೆಗಿನ ದುರಸ್ತಿಗೆ ದರ ಹೇಳುವ ಅಧಿಕಾರವನ್ನು ದೊಡ್ಡ ಹುಡುಗನಿಗೆ ಬಿಟ್ಟೆ. ಮೊದಲ ತಿಂಗಳು ಸಂಕೋಚಕ್ಕೆ ಬಿದ್ದು ಕಡಿಮೆ ಹೇಳಿ ನಷ್ಟ ಮಾಡಿದ. ಆಮೇಲೆ ಸರಿಹೋದ. ಉದ್ರಿ ಕೊಡುವ ವಿಷಯವನ್ನು ಇನ್ನೂ ಯಾರಿಗೂ ಬಿಟ್ಟಿಲ್ಲ, ಬಿಡುವ ಧೈರ್ಯವೂ ಬಂದಿಲ್ಲ.

ಕಳೆದ ಮಳೆಗಾಲದಲ್ಲಿ, ಯಾವ ಅಭ್ಯಾಸ ಬಿಡಬೇಕೆಂದು ನೀವೇ ಹೇಳಿ ಎಂದು ಹುಡುಗರನ್ನು ಕೇಳಿದೆ. ಎಲ್ಲರೂ ಸ್ಟೇಟರಿನೊಳಗೆ ಮುಖ ಹುದುಗಿಸಿಕೊಂಡರು. ಒಂದು ವಾರ ಕಳೆದ ಮೇಲೆ, ಮಂಡಕ್ಕಿ ಮಿರ್ಚಿ ತರಿಸಿಕೊಂಡು ಕೂತಿದ್ದಾಗ, ಎಲ್ಲರಿಗಿಂತ ಚಿಕ್ಕವನು ಬಾಯಿಬಿಟ್ಟ. "ನಾವು ಜಾಯಿಂಟ್ ಸುತ್ತಿ ಮುಗಿಸಿದ ಮೇಲೆ ನೀವು ಬಂದು ಬಿಚ್ಚಿ ಮತ್ತೆ ಸುತ್ತುತ್ತೀರಿ ಅಣ್ಣ. ಹೇಗೂ ಬಿಚ್ಚುತ್ತೀರಲ್ಲ ಎಂದು ನಾವೂ ಬಿಗಿಯಾಗಿ ಸುತ್ತುವುದಿಲ್ಲ."

ಇಪ್ಪತ್ತು ವರ್ಷದ ಕೈಚಳಕ, ಕೈ ಸುಮ್ಮನಿರುವುದಿಲ್ಲ. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದೇನೆ. ಅವರು ಟೇಪಿನ ಸುರುಳಿ ಕೈಗೆತ್ತಿಕೊಂಡ ಕೂಡಲೇ ಎದ್ದು ಎದುರಿನ ಟೀ ಅಂಗಡಿಗೆ ಹೋಗಿಬಿಡುತ್ತೇನೆ. ಈ ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಟೀ ಆಗುತ್ತಿದೆ. ಸಕ್ಕರೆ ಕಡಿಮೆ ಹಾಕು ಎಂದು ಅಂಗಡಿಯವನಿಗೆ ಹೇಳಿದ್ದೇನೆ.